ಬೋರ್ ನೀರಿನ ಪಿಎಚ್ 7.2, ಆಲ್ಕಲಿನಿಟಿ 380. ಇದು ಹೇಗೆ?

ಕೋಟೆ ಕೆಳಗಿನ ಮನೆ, ಚಿತ್ರದುರ್ಗ

ಮನೆಯ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೆ. ರಿಪೋರ್ಟ್ ಬಂದಿದೆ. ಪಿಎಚ್ 7.2. ಒಟ್ಟು ಗಡಸುತನ 520. ಆಲ್ಕಲಿನಿಟಿ 380. ಫ್ಲೋರೈಡ್ 1.3. ಪಿಎಚ್ ಒಂದು ಬಿಟ್ಟು ಉಳಿದದ್ದೆಲ್ಲ ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನೋ ಲೆಕ್ಕ.

ಪಿಎಚ್ 7 ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ ಅಂತ ಹೈಸ್ಕೂಲಿನಲ್ಲಿ ಓದಿದ್ದೇವೆ. 7.2 ಅಂದರೆ ಹೆಚ್ಚೂಕಮ್ಮಿ ನಡುಮಧ್ಯ. ಹಾಗಾದರೆ 380 ಆಲ್ಕಲಿನಿಟಿ ಎಲ್ಲಿಂದ ಬಂತು? ಇನ್ನೊಂದು ಸೋಜಿಗ ಏನಂದ್ರೆ, ಅದೇ ನೀರನ್ನು ಕುದಿಸಿ, ಆರಿಸಿ, ಮಗನ ಹತ್ತಿರ ಇದ್ದ ಪಿಎಚ್ ಪಟ್ಟಿ ಅದ್ದಿದರೆ 8ರ ಮೇಲೆ ತೋರಿಸುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪುಡಿ. ನೀರಿಗೆ ನಾವು ಏನೂ ಹಾಕಿಲ್ಲ. ಸುಮ್ನೆ ಕುದಿಸಿದರೆ ನೀರು ಕ್ಷಾರ ಆಗುತ್ತಾ?

ಹರಿಹರ ಪ್ಲಂಬಿಂಗ್

ಬಿಳಿ ಪುಡಿ ಸುಣ್ಣದ ಉಪ್ಪು ಸರ್. ನಿಮ್ಮ ಕಡೆ ಗೀಸರ್ ಬಿಚ್ಚಿದರೆ ಕಾಯಿಲ್ ಕಾಣೋದೇ ಇಲ್ಲ, ಅಷ್ಟು ಕಟ್ಟಿರುತ್ತದೆ. ಸಾಫ್ಟನರ್ ಹಾಕಿಸಿ, ತಲೆನೋವು ಮುಗಿಯುತ್ತದೆ.

ಪಿಯು ಮೇಷ್ಟ್ರು, ದಾವಣಗೆರೆ

ಪ್ಲಂಬರ್ ಅಣ್ಣ ಹೇಳಿದ್ದು ನಿಜ, ಆದರೆ ಪ್ರಶ್ನೆ ಅದಲ್ಲ. ಪ್ರಶ್ನೆ ಬಹಳ ಚೆನ್ನಾಗಿದೆ. ಫಸ್ಟ್ ಪಿಯುಸಿಯ ಸಮತೋಲನ ಪಾಠ ಪೂರ್ತಿ ನಿಮ್ಮ ಆ ಪಾತ್ರೆಯಲ್ಲೇ ಇದೆ.

ಮೊದಲು ಎರಡು ಅಳತೆಗಳನ್ನು ಬೇರೆ ಮಾಡೋಣ. ಈ ಗಳಿಗೆಯಲ್ಲಿ ನೀರಿನೊಳಗೆ ಬಿಡಿಯಾಗಿ ಓಡಾಡುತ್ತಿರುವ ಹೈಡ್ರೋಜನ್ ಅಯಾನು ಎಷ್ಟು ಅನ್ನೋದನ್ನು ಪಿಎಚ್ ಹೇಳುತ್ತದೆ. ಅಷ್ಟೇ. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಈ ಅಳತೆ ತಂದ. ಕೆಲಸ ಮಾಡುತ್ತಿದ್ದದ್ದು ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಆಲ್ಕಲಿನಿಟಿ ಹೇಳೋದು ಬೇರೆ: ಈ ನೀರಿಗೆ ಆಮ್ಲ ಹಾಕುತ್ತಾ ಹೋದರೆ, ಪಿಎಚ್ ಸುಮಾರು 4.5ಕ್ಕೆ ಇಳಿಯುವ ತನಕ ಅದು ಎಷ್ಟು ಆಮ್ಲವನ್ನು ನುಂಗುತ್ತದೆ ಅಂತ. ಒಂದು ಈಗಿನ ಸ್ಥಿತಿ, ಇನ್ನೊಂದು ತಡೆಯುವ ಶಕ್ತಿ.

ನಿಮ್ಮ ನೀರಿನಲ್ಲಿ ಆಮ್ಲ ನುಂಗೋದು ಬೈಕಾರ್ಬೊನೇಟ್. ಅದು ದುರ್ಬಲ ಪ್ರತ್ಯಾಮ್ಲ. ಹೈಡ್ರೋಜನ್ ಅಯಾನು ಸಿಕ್ಕರೆ ಹಿಡಿದುಕೊಳ್ಳುತ್ತದೆ, ಆದರೆ ತಾನಾಗಿ ನೀರಿನಿಂದ ಕಿತ್ತುಕೊಳ್ಳೋದು ತೀರಾ ಕಡಿಮೆ. ಅದಕ್ಕೇ ಅದು ಎಷ್ಟೇ ಇದ್ದರೂ ಪಿಎಚ್ 12, 13ಕ್ಕೆ ಹೋಗುವುದಿಲ್ಲ. ಜೊತೆಗೆ ಭೂಮಿಯೊಳಗಿಂದ ಬಂದ ಕಾರ್ಬನ್ ಡೈಆಕ್ಸೈಡ್ ಕೂಡ ಕರಗಿದೆ. ಅದು ದುರ್ಬಲ ಆಮ್ಲ. ಈ ಇಬ್ಬರ ಅನುಪಾತವೇ ಪಿಎಚ್ ಅನ್ನು ತೀರ್ಮಾನ ಮಾಡುತ್ತದೆ. ಪಿಎಚ್ 6.35ರಲ್ಲಿ ಇಬ್ಬರೂ ಸಮ ಸಮ. 7.2ರಲ್ಲಿ ಒಂದು ಪಾಲು ಕಾರ್ಬನ್ ಡೈಆಕ್ಸೈಡಿಗೆ ಸುಮಾರು ಏಳು ಪಾಲು ಬೈಕಾರ್ಬೊನೇಟ್.

ಈಗ ಕುದಿಸಿ. ಬಿಸಿ ನೀರಿನಲ್ಲಿ ಅನಿಲ ನಿಲ್ಲೋದಿಲ್ಲ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಯಿತು ಅಂದರೆ ಆಮ್ಲದ ಪಾಲು ಹೋಯಿತು. ಬೈಕಾರ್ಬೊನೇಟ್ ಉಳಿಯಿತು. ಪಿಎಚ್ ಏರದೆ ಇನ್ನೇನಾಗುತ್ತದೆ? ನೀವು ಏನೂ ಹಾಕಿಲ್ಲ ಸರ್, ತೆಗೆದಿದ್ದೀರಿ.

ನೀರಿನ ಲ್ಯಾಬ್

ಮೇಷ್ಟ್ರ ಮಾತಿಗೆ ನಮ್ಮ ಕೆಲಸದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಆಲ್ಕಲಿನಿಟಿ ನೋಡುವಾಗ ನಾವು ಕೋನಿಕಲ್ ಫ್ಲಾಸ್ಕಿಗೆ ನೀರು ಹಾಕಿ, ಮಿಥೈಲ್ ಆರೆಂಜ್ ಎರಡು ಹನಿ ಬಿಟ್ಟು, ಬ್ಯೂರೆಟ್‌ನಿಂದ ತೆಳು ಸಲ್ಫ್ಯೂರಿಕ್ ಆಸಿಡ್ ಹನಿ ಹನಿಯಾಗಿ ಬಿಡುತ್ತೇವೆ. ಗಡಸು ನೀರಾದರೆ ಹಳದಿ ಬಣ್ಣ ಬಹಳ ಹೊತ್ತು ಅಲ್ಲಾಡೋದೇ ಇಲ್ಲ. ಆಸಿಡ್ ಬೀಳುತ್ತಲೇ ಇರುತ್ತದೆ, ಒಳಗೆ ಸಣ್ಣ ಗುಳ್ಳೆ ಏಳುತ್ತಿರುತ್ತವೆ. ಆಮೇಲೆ ಒಂದೇ ಹನಿಗೆ ಕಿತ್ತಳೆಗೆ ತಿರುಗುತ್ತದೆ. ಆ ತಡವೇ ನಿಮ್ಮ 380.

380 ಅನ್ನೋದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಬರೆದ ಸಂಖ್ಯೆ. ನಿಜಕ್ಕೂ ಆ ಪಿಎಚ್‌ನಲ್ಲಿ ಕಾರ್ಬೊನೇಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ, ಇರೋದೆಲ್ಲ ಬೈಕಾರ್ಬೊನೇಟ್. ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು ಮೋಲ್ ಅಂದರೆ 100 ಗ್ರಾಂ, ಅದು ಎರಡು ಮೋಲ್ ಬೈಕಾರ್ಬೊನೇಟಿಗೆ ಸಮ. ಅದಕ್ಕೇ 50ರಿಂದ ಭಾಗಿಸಿದರೆ ಲೀಟರಿಗೆ 7.6 ಮಿಲಿಮೋಲ್ ಬೈಕಾರ್ಬೊನೇಟ್ ಬರುತ್ತದೆ.

ಒಂದು ಕಿವಿಮಾತು. ಬೋರ್ ನೀರಿನ ಪಿಎಚ್ ಅನ್ನು ಸ್ಥಳದಲ್ಲೇ ನೋಡಬೇಕು. ನಿಮ್ಮ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್, ಅದೇ ನೀರು ಗಾಳಿಯ ಜೊತೆ ಹೊಂದಿಕೊಂಡಾಗ ಉಳಿಯಬೇಕಾದ್ದಕ್ಕಿಂತ ಹತ್ತಿರ ಹತ್ತಿರ 75 ಪಟ್ಟು ಜಾಸ್ತಿ ಇದೆ. ಬಾಟಲಿಯನ್ನು ಅರ್ಧ ತುಂಬಿ, ಬಿಸಿಲಲ್ಲಿ ಗಾಡಿಯಲ್ಲಿಟ್ಟು ತಂದುಕೊಟ್ಟರೆ ಪಿಎಚ್ ದಾರಿಯಲ್ಲೇ ಏರಿರುತ್ತದೆ. ಆಮೇಲೆ ಲ್ಯಾಬ್ ಸರಿ ಇಲ್ಲ ಅಂತ ನಮ್ಮ ಮೇಲೆ ಬೀಳುತ್ತಾರೆ. ಬಾಟಲಿ ಬಾಯಿಮಟ್ಟ ತುಂಬಿಸಿ, ಗುಳ್ಳೆ ಇಲ್ಲದ ಹಾಗೆ ಮುಚ್ಚಿ ತನ್ನಿ ಮಾರಾಯ್ರೆ.

ಫಸ್ಟ್ ಪಿಯುಸಿ ಸೈನ್ಸ್

ಸರ್, ಒಂದು ಡೌಟ್. ಬಿಳಿ ಪುಡಿ ಯಾಕೆ ಬಂತು ಅನ್ನೋದಕ್ಕೆ ನೀವು ಉತ್ತರ ಹೇಳಿಲ್ಲ. ಮತ್ತೆ ಸಮತೋಲನ ಅಂದರೆ ರಿಯಾಕ್ಷನ್ ನಿಂತುಹೋಗಿದೆ ಅಂತ ಅಲ್ವಾ? ನಿಂತದ್ದು ಮತ್ತೆ ಯಾಕೆ ಶುರುವಾಯಿತು?

ಪಿಯು ಮೇಷ್ಟ್ರು, ದಾವಣಗೆರೆ

ನಿಂತಿಲ್ಲ ಪುಟ್ಟಿ. ಅದೇ ಎಲ್ಲರಿಗೂ ಗೊಂದಲ.

ಭಾನುವಾರ ಬೆಳಗ್ಗೆ ನಮ್ಮೂರಿನ ಯಾವುದಾದರೂ ಬೆಣ್ಣೆ ದೋಸೆ ಹೋಟೆಲಿಗೆ ಹೋಗು. ಎಲ್ಲ ಟೇಬಲ್ಲೂ ಭರ್ತಿ. ಅರ್ಧ ಗಂಟೆ ಬಿಟ್ಟು ನೋಡಿದರೂ ಭರ್ತಿ. ಹಾಗಂತ ಮೊದಲು ಕೂತವರೇ ಕೂತಿದ್ದಾರೆ ಅಂತಲ್ಲ, ಏಳುವವರು ಏಳುತ್ತಿದ್ದಾರೆ, ಕೂರುವವರು ಕೂರುತ್ತಿದ್ದಾರೆ.

ನೀರಿನ ಲ್ಯಾಬ್

ಮೇಷ್ಟ್ರೇ, ದೋಸೆ ಹೋಟೆಲ್ ಉದಾಹರಣೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಜನ ರಸ್ತೆಯಿಂದ ಬಂದು ರಸ್ತೆಗೆ ಹೋಗುತ್ತಾರೆ. ಒಂದು ಕಡೆ ಒಳಹರಿವು, ಇನ್ನೊಂದು ಕಡೆ ಹೊರಹರಿವು. ಸಮತೋಲನಕ್ಕೆ ಬಾಗಿಲು ಹಾಕಿರಬೇಕು. ಹೋಟೆಲಿಗೆ ಬೀಗ ಹಾಕಿ, ಒಳಗಿನ ಹಾಲಿಗೂ ಹೊರಗಿನ ಹಾಲಿಗೂ ಜನ ಓಡಾಡುತ್ತಿದ್ದಾರೆ, ಈ ಕಡೆಯಿಂದ ನಿಮಿಷಕ್ಕೆ ಎಷ್ಟು ಜನ ಹೋಗುತ್ತಾರೋ ಆ ಕಡೆಯಿಂದ ಅಷ್ಟೇ ಜನ ಬರುತ್ತಾರೆ ಅಂದರೆ ಸರಿ. ಆಗಲೂ ಎರಡು ಹಾಲಿನಲ್ಲಿ ಸಮ ಸಮ ಜನ ಇರಬೇಕು ಅಂತೇನಿಲ್ಲ. ಒಳಗೆ 80, ಹೊರಗೆ 10 ಇರಬಹುದು. ಸಮ ಆಗಿರೋದು ಓಡಾಟದ ವೇಗ, ತಲೆ ಲೆಕ್ಕ ಅಲ್ಲ. ಮಕ್ಕಳು ಪರೀಕ್ಷೆಯಲ್ಲಿ ಮುಗ್ಗರಿಸೋದು ಇಲ್ಲೇ.

ಪಿಯು ಮೇಷ್ಟ್ರು, ದಾವಣಗೆರೆ

ಒಪ್ಪಿದೆ ಮೇಡಂ. ಬೀಗ ಹಾಕಿದರೆ ಸಪ್ಲಯರ್ ಹುಡುಗರು ಬೈತಾರೆ, ಅದು ಬೇರೆ ವಿಷಯ.

ಓಡಾಟ ನಿಜಕ್ಕೂ ನಡೆಯುತ್ತದೆ ಅನ್ನೋದಕ್ಕೆ ಪ್ರಯೋಗವೇ ಇದೆ. ಕರಗುವಷ್ಟೂ ಕರಗಿ ತಣ್ಣಗಾದ ಸಿಲ್ವರ್ ಅಯೊಡೈಡ್ ದ್ರಾವಣಕ್ಕೆ ವಿಕಿರಣ ಸೂಸುವ ಅಯೊಡಿನ್ ಇರುವ ಅದೇ ಪುಡಿಯನ್ನು ಹಾಕುತ್ತಾರೆ. ದ್ರಾವಣದ ಪ್ರಮಾಣದಲ್ಲಿ ಏನೂ ಬದಲಾವಣೆ ಕಾಣೋದಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಸೋಸಿ ನೋಡಿದರೆ ನೀರಿನಲ್ಲೂ ವಿಕಿರಣ ಸಿಗುತ್ತದೆ. ಪುಡಿಯಿಂದ ಕೆಲವು ಕರಗಿವೆ, ನೀರಿನಿಂದ ಅಷ್ಟೇ ಪುಡಿಗೆ ಹೋಗಿವೆ.

ಈಗ ಬಿಳಿ ಪುಡಿ. ಪಾತ್ರೆಯೊಳಗೆ ನಡೆಯೋದು ಇದು:

ಕ್ಯಾಲ್ಸಿಯಂ + 2 ಬೈಕಾರ್ಬೊನೇಟ್ ⇌ ಕ್ಯಾಲ್ಸಿಯಂ ಕಾರ್ಬೊನೇಟ್ + ಕಾರ್ಬನ್ ಡೈಆಕ್ಸೈಡ್ + ನೀರು

ನೆಲದೊಳಗೆ ಇದು ಎಡಕ್ಕೆ ವಾಲಿತ್ತು. ಮಣ್ಣಿನಲ್ಲಿ ಬೇರು, ಸೂಕ್ಷ್ಮಜೀವಿಗಳ ಉಸಿರಾಟದಿಂದ ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಆ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡು ಕೆಳಗೆ ಇಳಿಯಿತು. ನೀವು ಮೇಲೆತ್ತಿ ಕುದಿಸಿದಿರಿ. ಬಲಗಡೆಯ ಅನಿಲ ಹಾರಿಹೋಯಿತು. ಎಡಕ್ಕೆ ಬರುವ ಓಡಾಟ ಕಡಿಮೆ ಆಯಿತು, ಬಲಕ್ಕೆ ಹೋಗುವುದು ಹಾಗೇ ಇದೆ. ಬಿಳಿ ಪುಡಿ ಬಿತ್ತು. ಲೆ ಶಾಟೆಲಿಯೇ 1884ರಲ್ಲಿ ಹೇಳಿದ ತತ್ವ ಇದೇ. ಇನ್ನೊಂದು ತಮಾಷೆ ಅಂದರೆ ಸಕ್ಕರೆ, ಉಪ್ಪಿನ ಹಾಗೆ ಅಲ್ಲ ಈ ಪುಡಿ. ನೀರು ಬಿಸಿಯಾದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗೋದು ಕಡಿಮೆ. ಅದಕ್ಕೇ ಅದು ತಣ್ಣೀರಿನ ಪೈಪಿಗಿಂತ ಗೀಸರ್ ಕಾಯಿಲ್ ಮೇಲೆ ಹೋಗಿ ಕೂರುತ್ತದೆ.

ರಿಪೋರ್ಟಿನಲ್ಲಿ ಗಡಸುತನ 520, ಆಲ್ಕಲಿನಿಟಿ 380. ಕುದಿಸಿದರೆ ಹೋಗಬಹುದಾದ ಗಡಸುತನ ಹೆಚ್ಚೆಂದರೆ ಆ 380. ಉಳಿದ 140 ಸಲ್ಫೇಟ್, ಕ್ಲೋರೈಡ್ ಜೊತೆ ಇರೋದು, ಎಷ್ಟು ಕುದಿಸಿದರೂ ಅಲ್ಲೇ ಇರುತ್ತದೆ. ಮೆಗ್ನೀಸಿಯಂ ಇದ್ದರೆ ಅದೂ ಸುಲಭಕ್ಕೆ ಬೀಳೋದಿಲ್ಲ.

ಫಸ್ಟ್ ಪಿಯುಸಿ ಸೈನ್ಸ್

ಈಗ ಅರ್ಥ ಆಯಿತು. ಹಾಗಾದರೆ ತಳದ ಬಿಳಿ ಪುಡಿಯನ್ನು ಇನ್ನೂ ಒಂದು ಹಿಡಿ ತಂದು ಹಾಕಿದರೆ ಸಮತೋಲನ ಎಡಕ್ಕೆ ಹೋಗುತ್ತಾ? ಪ್ರಾಡಕ್ಟ್ ಜಾಸ್ತಿ ಮಾಡಿದ ಹಾಗೆ ಅಲ್ವಾ?

ನೀರಿನ ಲ್ಯಾಬ್

ಇಲ್ಲ. ಘನ ವಸ್ತುವಿಗೆ ಸಾಂದ್ರತೆ ಅನ್ನೋದು ಬದಲಾಗೋದಿಲ್ಲ. ಪುಡಿ ಒಂದು ಚಮಚ ಇದ್ದರೂ ಒಂದು ಚೀಲ ಇದ್ದರೂ ನೀರಿನಲ್ಲಿ ಕರಗಿರೋದು ಅಷ್ಟೇ. ಮೇಲ್ಮೈ ಜಾಸ್ತಿ ಆದಾಗ ಕರಗುವ ವೇಗವೂ ಏರುತ್ತದೆ, ವಾಪಸ್ ಕೂರುವ ವೇಗವೂ ಅಷ್ಟೇ ಏರುತ್ತದೆ. ಅದಕ್ಕೇ ಸಮತೋಲನ ಸ್ಥಿರಾಂಕದ ಸೂತ್ರದಲ್ಲಿ ಘನ ವಸ್ತುವನ್ನು ಬರೆಯುವುದಿಲ್ಲ. ಸ್ಥಿರಾಂಕ ಬದಲಾಗಬೇಕಾದರೆ ತಾಪಮಾನ ಬದಲಾಗಬೇಕು, ಬೇರೆ ದಾರಿ ಇಲ್ಲ. ಕ್ಯಾಟಲಿಸ್ಟ್ ಹಾಕಿದರೂ ಬೇಗ ತಲುಪುತ್ತದೆ, ಜಾಗ ಅದೇ.

ವಿದ್ಯಾನಗರ ವಾಕಿಂಗ್, ದಾವಣಗೆರೆ

ಎಲ್ಲರೂ ಲೆಕ್ಕ ಮಾಡುತ್ತಿದ್ದೀರಿ, ಆರೋಗ್ಯದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಪಿಎಚ್ 9 ಇರುವ ಆಲ್ಕಲೈನ್ ನೀರು ಕುಡಿದರೆ ಮೈಯಲ್ಲಿನ ಆಸಿಡ್ ಎಲ್ಲ ಕಡಿಮೆ ಆಗುತ್ತದೆ ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ಹೇಳುತ್ತಾರೆ. ಮಷೀನ್ ಕೂಡ ಬಂದಿದೆ, ಬೆಲೆ ಸ್ವಲ್ಪ ಜಾಸ್ತಿ. ಈ ಸರ್ ಕುದಿಸಿದ ನೀರು 8ರ ಮೇಲೆ ಇದೆ ಅಂದರೆ ಅವರಿಗೆ ಪುಕ್ಕಟೆ ಸಿಕ್ಕಿದೆಯಲ್ಲ!

ನೀರಿನ ಲ್ಯಾಬ್

ದಯವಿಟ್ಟು ದುಡ್ಡು ಹಾಳು ಮಾಡಿಕೊಳ್ಳಬೇಡಿ. ಲೆಕ್ಕ ನೋಡಿ. ಬೇರೇನೂ ಇಲ್ಲದ ಶುದ್ಧ ನೀರು ಪಿಎಚ್ 9ರಲ್ಲಿದೆ ಅಂದರೆ ಲೀಟರಿಗೆ ಒಂದು ಮೋಲ್‌ನ ಲಕ್ಷದಲ್ಲಿ ಒಂದು ಭಾಗ ಹೈಡ್ರಾಕ್ಸೈಡ್ ಇದೆ. ಹೊಟ್ಟೆಯ ಆಮ್ಲ ಪಿಎಚ್ 2 ಅಂತ ಇಟ್ಟುಕೊಳ್ಳಿ. ಆ ಒಂದು ಲೀಟರ್ ನೀರು ಪೂರ್ತಿ ಕುಡಿದರೂ ಹೊಟ್ಟೆಯ ಒಂದೇ ಒಂದು ಮಿಲಿಲೀಟರ್ ಆಮ್ಲಕ್ಕೆ ಸಮ.

ಅದೇ ಚಿತ್ರದುರ್ಗದ ಸರ್ ಮನೆಯ ಪಿಎಚ್ 7.2 ಬೋರ್ ನೀರು ಒಂದು ಲೀಟರ್ ತೆಗೆದುಕೊಳ್ಳಿ. 7.6 ಮಿಲಿಮೋಲ್ ಬೈಕಾರ್ಬೊನೇಟ್ ಇದೆ. ಅದು ಅದೇ ಆಮ್ಲದ 760 ಮಿಲಿಲೀಟರಿಗೆ ಸಮ. ಯಾವ ನೀರು ಆಲ್ಕಲೈನ್ ಆಯಿತು ಈಗ?

ಇನ್ನು ಮೈಯೆಲ್ಲ ಆಸಿಡ್ ಅನ್ನೋ ಮಾತು. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45. ಅದನ್ನು ಹಿಡಿದಿಟ್ಟುಕೊಂಡಿರೋದರಲ್ಲಿ ಮುಖ್ಯವಾದದ್ದು ನಮ್ಮ ಹಳೇ ಜೋಡಿಯೇ, ಬೈಕಾರ್ಬೊನೇಟ್ ಮತ್ತು ಕಾರ್ಬನ್ ಡೈಆಕ್ಸೈಡ್, 20ಕ್ಕೆ 1ರ ಅನುಪಾತದಲ್ಲಿ. ಕಾರ್ಬನ್ ಡೈಆಕ್ಸೈಡನ್ನು ಶ್ವಾಸಕೋಶ ನೋಡಿಕೊಳ್ಳುತ್ತದೆ, ಬೈಕಾರ್ಬೊನೇಟನ್ನು ಕಿಡ್ನಿ. ನೀವು ಬೆಳಗ್ಗೆ ಜೋರಾಗಿ ನಡೆದು ಏದುಸಿರು ಬಿಡುವಾಗಲೇ ಆ ಸಮತೋಲನ ಸರಿ ಹೋಗುತ್ತಿರುತ್ತದೆ. ವಾಕಿಂಗ್ ಬಿಡಬೇಡಿ, ಮಷೀನ್ ಬಿಡಿ.

ವಿದ್ಯಾನಗರ ವಾಕಿಂಗ್, ದಾವಣಗೆರೆ

ಲೆಕ್ಕ ಗುಂಪಿಗೆ ಫಾರ್ವರ್ಡ್ ಮಾಡಿದ್ದೇನೆ. ಮಷೀನ್ ತಂದ ಯಜಮಾನರು ಓದಿ ಸುಮ್ಮನೆ ಇದ್ದಾರೆ.

ಚಳ್ಳಕೆರೆ ಶೇಂಗಾ

ನಮ್ಮದು ಉಲ್ಟಾ ಕತೆ. ನಮ್ಮ ಬೋರ್ ನೀರಿಗೆ ಸೋಪು ಹಚ್ಚಿದರೆ ನೊರೆ ಚೆನ್ನಾಗಿ ಬರುತ್ತದೆ, ಪಾತ್ರೆಯಲ್ಲಿ ಬಿಳಿ ಕಟ್ಟೋದೂ ಕಡಿಮೆ. ಮೆತ್ತನೆ ನೀರು ಅಂತ ಖುಷಿಯಾಗಿದ್ದೆವು. ಆದರೆ ಹಾಯಿಸಿದ ಹೊಲ ವರ್ಷದಿಂದ ವರ್ಷಕ್ಕೆ ಚೌಳು ಆಗುತ್ತಿದೆ. ಮಳೆ ಬಂದರೆ ನೀರು ಇಂಗೋದಿಲ್ಲ, ಒಣಗಿದರೆ ಹೆಂಟೆ ಕಲ್ಲಿನಂತೆ. ಮಣ್ಣಿನ ಪಿಎಚ್ 9 ದಾಟಿದೆ. ಜಿಪ್ಸಂ ಹಾಕಿ ಅಂದರು, ಹಾಕಿದೆವು, ಅಂಥಾ ಗುಣ ಕಾಣಲಿಲ್ಲ. ಇದಕ್ಕೂ ಈ ಸಮತೋಲನಕ್ಕೂ ಸಂಬಂಧ ಇದೆಯಾ?

ಪಿಯು ಮೇಷ್ಟ್ರು, ದಾವಣಗೆರೆ

ಇದೆ. ಅಷ್ಟೇ ಅಲ್ಲ, ರಸಾಯನಶಾಸ್ತ್ರದಲ್ಲಿ ಈ ಪಾಠ ಶುರುವಾದದ್ದೇ ಒಂದು ಚೌಳು ನೆಲದಿಂದ ಅನ್ನಬಹುದು.

ಫ್ರಾನ್ಸಿನ ಬರ್ತೊಲೆ 1798ರಲ್ಲಿ ನೆಪೋಲಿಯನ್ ದಂಡಿನ ಜೊತೆ ಈಜಿಪ್ಟಿಗೆ ಹೋಗಿದ್ದ. ಅಲ್ಲಿನ ಉಪ್ಪು ಕೆರೆಗಳ ದಡದಲ್ಲಿ ಸೋಡಿಯಂ ಕಾರ್ಬೊನೇಟ್ ಹೆಪ್ಪುಗಟ್ಟಿರೋದನ್ನು ನೋಡಿದ. ಅಂದರೆ ವಾಷಿಂಗ್ ಸೋಡಾ. ಪ್ರಯೋಗಾಲಯದಲ್ಲಿ ವಾಷಿಂಗ್ ಸೋಡಾಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸುಣ್ಣದ ಪುಡಿ ಬೀಳುತ್ತದೆ, ನೀರಿನಲ್ಲಿ ಅಡುಗೆ ಉಪ್ಪು ಉಳಿಯುತ್ತದೆ. ಕೆರೆಯಲ್ಲಿ ನಡೆದದ್ದು ತಿರುಗುಮುರುಗು. ಸುಣ್ಣಕಲ್ಲಿನ ಮೇಲೆ ಅಪಾರ ಉಪ್ಪು ಕೂತು, ವಾಷಿಂಗ್ ಸೋಡಾ ಆಗಿತ್ತು. ಯಾವುದು ಯಾವುದರ ಜೊತೆ ಸೇರುತ್ತದೆ ಅನ್ನೋದು ಬರೀ ವಸ್ತುಗಳ ಸ್ವಭಾವದಿಂದ ತೀರ್ಮಾನ ಆಗೋದಿಲ್ಲ, ಎಷ್ಟೆಷ್ಟು ಇವೆ ಅನ್ನೋದೂ ಮುಖ್ಯ ಅಂತ ಅವನಿಗೆ ಅಲ್ಲಿ ಹೊಳೆಯಿತು. ಅದಕ್ಕೆ ಗಣಿತದ ರೂಪ ಸಿಕ್ಕಿದ್ದು 1864ರಲ್ಲಿ, ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಕೈಯಲ್ಲಿ. ಅವರಿಬ್ಬರು ಭಾವ ಮೈದುನರು.

ನಿಮ್ಮ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಜಾಸ್ತಿ ಇರಬೇಕು. ಅದಕ್ಕೇ ನೊರೆ. ಹೊಲದಲ್ಲಿ ನೀರು ಆವಿಯಾದಾಗ ಕಾರ್ಬನ್ ಡೈಆಕ್ಸೈಡೂ ಹೋಗುತ್ತದೆ, ಇದ್ದಬದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೀಳುತ್ತದೆ. ಉಳಿಯೋದು ಸೋಡಿಯಂ. ಅದು ಜೇಡಿ ಮಣ್ಣಿನ ಕಣಗಳ ಮೇಲೆ ಕ್ಯಾಲ್ಸಿಯಂ ಇದ್ದ ಜಾಗದಲ್ಲಿ ಹೋಗಿ ಕೂರುತ್ತದೆ. ಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸಂದು ಮುಚ್ಚುತ್ತವೆ.

ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ವಾಪಸ್ ಬಂದು ಸೋಡಿಯಂ ಎಬ್ಬಿಸುತ್ತದೆ, ಸೋಡಿಯಂ ಸಲ್ಫೇಟ್ ಆಗುತ್ತದೆ. ಆದರೆ ಈ ಓಡಾಟವೂ ಎರಡೂ ಕಡೆಗೆ. ಎದ್ದ ಸೋಡಿಯಂ ಅಲ್ಲೇ ಉಳಿದರೆ ಮತ್ತೆ ಬಂದು ಕೂರುತ್ತದೆ. ಜಿಪ್ಸಂ ಹಾಕಿದ ಮೇಲೆ ಒಳ್ಳೆ ನೀರು ನಿಲ್ಲಿಸಿ, ಕರಗಿದ ಸೋಡಿಯಂ ಸಲ್ಫೇಟ್ ಬಸಿಗಾಲುವೆಗೆ ಹರಿದು ಹೋಗುವ ಹಾಗೆ ಮಾಡಿದಿರಾ?

ಚಳ್ಳಕೆರೆ ಶೇಂಗಾ

ಇಲ್ಲ ಸರ್. ಎರಚಿ, ಹದ ಹೊಡೆದು ಬಿಟ್ಟೆವು. ನಮ್ಮ ಕಡೆ ಒಳ್ಳೆ ನೀರು ಅಂದರೆ ಮಳೆ ನೀರೇ.

ಪಿಯು ಮೇಷ್ಟ್ರು, ದಾವಣಗೆರೆ

ಹಾಗಾದರೆ ಮುಂಗಾರಿಗೆ ಮುಂಚೆ ಹಾಕಿ, ಬದು ಕಟ್ಟಿ ಮಳೆ ನೀರು ನಿಲ್ಲಿಸಿ, ಕೆಳಗೆ ಬಸಿಯಲು ದಾರಿ ಮಾಡಿ. ದಾರಿ ಇಲ್ಲದಿದ್ದರೆ ಎಷ್ಟು ಚೀಲ ಸುರಿದರೂ ಅಷ್ಟೇ. ಎಕರೆಗೆ ಎಷ್ಟು ಅನ್ನೋದನ್ನು ಮಣ್ಣು ಪರೀಕ್ಷೆ ಮಾಡಿಸಿ ಕೇಳಿ, ನಾನು ಅಂದಾಜಿಗೆ ಹೇಳೋದಿಲ್ಲ.

ನೀರಿನ ಲ್ಯಾಬ್

ಚಳ್ಳಕೆರೆ ಅಣ್ಣ, ಆ ಬೋರ್ ನೀರನ್ನು ಮನೆಯಲ್ಲಿ ಕುಡಿಯುತ್ತೀರಾ? ಹೌದಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ. ಕಾರಣ ಹೇಳುತ್ತೇನೆ.

ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಬರುತ್ತದೆ. ಅದಕ್ಕೆ ಕಡಿವಾಣ ಹಾಕೋದು ಕ್ಯಾಲ್ಸಿಯಂ. ಎರಡೂ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಬೀಳುತ್ತದೆ, ಅದು ಸುಲಭಕ್ಕೆ ಕರಗೋದಿಲ್ಲ. ಒರಟು ಲೆಕ್ಕ ಹಾಕಿದರೆ, ಲೀಟರಿಗೆ 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಸುಮಾರು 2 ಮಿಲಿಗ್ರಾಂ ದಾಟೋದು ಕಷ್ಟ. ಕ್ಯಾಲ್ಸಿಯಂ 20ಕ್ಕೆ ಇಳಿದರೆ ಫ್ಲೋರೈಡ್ 5ರ ತನಕ ಹೋಗಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಚಿತ್ರದುರ್ಗ ಜಿಲ್ಲೆಯಲ್ಲಿ ಹಲ್ಲು ಕಂದಾದ ಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಗೆ ಮೆತ್ತಗೆ, ಸೋಪಿಗೆ ನೊರೆ ಅಂದ ಮಾತ್ರಕ್ಕೆ ಒಳ್ಳೆ ನೀರು ಅನ್ನೋ ಹಾಗಿಲ್ಲ.

ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿ ಆಗುತ್ತದೆ, ಕ್ಯಾಲ್ಸಿಯಂ ಬೇರೆ ಕೆಳಗೆ ಕೂತಿರುತ್ತದೆ. ಕೋಟೆ ಕೆಳಗಿನ ಸರ್, ನಿಮ್ಮದು 1.3. ಕುಡಿಯಲು ಬೇರೆ ನೀರು ಸಿಗುತ್ತದೆ ಅಂದರೆ ಅದನ್ನೇ ಕುಡಿಯಿರಿ. ಆರ್‌ಒ ಆದರೆ ಫ್ಲೋರೈಡ್ ಕಡಿಮೆ ಮಾಡುತ್ತದೆ.

ಹರಿಹರ ಪ್ಲಂಬಿಂಗ್

ಸಾಫ್ಟನರ್ ಫ್ಲೋರೈಡ್ ತೆಗೆಯುತ್ತಾ ಮೇಡಂ? ಗಿರಾಕಿಗಳು ಕೇಳುತ್ತಾರೆ.

ನೀರಿನ ಲ್ಯಾಬ್

ತೆಗೆಯೋದಿಲ್ಲ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಆಲ್ಕಲಿನಿಟಿ 380 ಇದ್ದದ್ದು 380 ಆಗಿಯೇ ಇರುತ್ತದೆ. ಅದೂ ಸಮತೋಲನದ ಆಟವೇ. ತಿಂಗಳಿಗೆ ಇಷ್ಟು ಅಂತ ಉಪ್ಪು ನೀರು ಹಾಯಿಸುತ್ತೀರಲ್ಲ, ಆಗ ಸೋಡಿಯಂ ರಾಶಿ ಬಿದ್ದು ಕ್ಯಾಲ್ಸಿಯಂ ಅನ್ನು ವಾಪಸ್ ಎಬ್ಬಿಸುತ್ತದೆ. ಬರ್ತೊಲೆ ಕೆರೆ ದಡದಲ್ಲಿ ನೋಡಿದ್ದು ನಿಮ್ಮ ಸಿಲಿಂಡರಿನೊಳಗೆ ನಡೆಯುತ್ತದೆ. ಆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಬಿಡಬೇಡಿ ಅಂತ ಗಿರಾಕಿಗಳಿಗೆ ಹೇಳಿ.

ಹರಿಹರ ಪ್ಲಂಬಿಂಗ್

ಇದನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು ಕೇಳಿಬಿಡುತ್ತೇನೆ. ಟ್ಯಾಂಕ್ ತೊಳೆಯುವಾಗ ಕಟ್ಟಿದ ಉಪ್ಪು ಹೋಗಲಿ ಅಂತ ಹುಡುಗರು ಬಾತ್‌ರೂಮ್ ಆಸಿಡ್ ಹಾಕುತ್ತಾರೆ, ಆಮೇಲೆ ಬ್ಲೀಚಿಂಗ್ ಪೌಡರ್. ಕಣ್ಣುರಿ, ಕೆಮ್ಮು ಬರುತ್ತದೆ ಅಂತಾರೆ.

ಪಿಯು ಮೇಷ್ಟ್ರು, ದಾವಣಗೆರೆ

ಅಯ್ಯೋ, ಮೊದಲು ಅದನ್ನು ನಿಲ್ಲಿಸಿ! ಮುಚ್ಚಿದ ಟ್ಯಾಂಕಿನೊಳಗೆ ಅದು ಪ್ರಾಣಕ್ಕೇ ಅಪಾಯ. ಬ್ಲೀಚಿಂಗ್ ಪೌಡರ್ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲ ಆಗುತ್ತದೆ. ಅದಕ್ಕೂ ಕ್ಲೋರಿನ್ ಅನಿಲಕ್ಕೂ ನಡುವೆ ಸಮತೋಲನ ಇದೆ:

ಕ್ಲೋರಿನ್ + ನೀರು ⇌ ಹೈಪೋಕ್ಲೋರಸ್ ಆಮ್ಲ + ಹೈಡ್ರೋಜನ್ ಅಯಾನು + ಕ್ಲೋರೈಡ್

ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್. ಬಲಗಡೆಯ ಎರಡನ್ನೂ, ಹೈಡ್ರೋಜನ್ ಅಯಾನನ್ನೂ ಕ್ಲೋರೈಡನ್ನೂ, ಒಟ್ಟಿಗೆ ಸುರಿದ ಹಾಗಾಯಿತು. ಎಲ್ಲ ಎಡಕ್ಕೆ ತಳ್ಳಿಸಿಕೊಂಡು ಕ್ಲೋರಿನ್ ಅನಿಲ ಮೇಲೇಳುತ್ತದೆ. ಅದು ಗಾಳಿಗಿಂತ ಭಾರ, ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ, ಹುಡುಗ ಕೂತಿರೋದೂ ಅಲ್ಲೇ. ಎರಡೂ ಒಂದೇ ದಿನ ಬೇಡ. ಆಸಿಡ್ ಹಾಕಿದರೆ ಪೂರ್ತಿ ತೊಳೆದು ಹೊರಹಾಕಿ, ಟ್ಯಾಂಕ್ ಗಾಳಿಯಾಡಲಿ.

ನೀರಿನ ಲ್ಯಾಬ್

ಇದನ್ನು ಎಲ್ಲ ಪ್ಲಂಬರ್ ಗುಂಪಿಗೂ ಕಳಿಸಿ. ಬ್ಲೀಚಿಂಗ್ ಹಾಕಿ ಕ್ರಿಮಿ ಕೊಲ್ಲುವಾಗಲೂ ಪಿಎಚ್ ನೋಡಬೇಕು. ಕೊಲ್ಲುವ ಬಲ ಇರೋದು ಹೈಪೋಕ್ಲೋರಸ್ ಆಮ್ಲಕ್ಕೆ. 7.2ರಲ್ಲಿ ಮೂರರಲ್ಲಿ ಎರಡು ಪಾಲು ಆ ರೂಪದಲ್ಲಿರುತ್ತದೆ. 8.5ರಲ್ಲಿ ಹತ್ತರಲ್ಲಿ ಒಂದು ಪಾಲೂ ಇರೋದಿಲ್ಲ.

ಫಸ್ಟ್ ಪಿಯುಸಿ ಸೈನ್ಸ್

ಸರ್, ನಮ್ಮ ಟೆಸ್ಟಿನಲ್ಲಿ ಕೇಳಿದ್ದರು: ಹೈಡ್ರೋಕ್ಲೋರಿಕ್ ಆಮ್ಲವನ್ನು ತೆಳು ಮಾಡುತ್ತಾ ಹೋಗಿ 10ರ ಘಾತ ಮೈನಸ್ 8 ಮೋಲಾರ್‌ಗೆ ತಂದರೆ ಪಿಎಚ್ ಎಷ್ಟು? ಕ್ಲಾಸಿನಲ್ಲಿ ಜಾಸ್ತಿ ಜನ 8 ಅಂತ ಬರೆದಿದ್ದಾರೆ.

ಪಿಯು ಮೇಷ್ಟ್ರು, ದಾವಣಗೆರೆ

ಆಮ್ಲಕ್ಕೆ ನೀರು ಬೆರೆಸಿ ಕ್ಷಾರ ಮಾಡಿದರೆ ಅದು ಪವಾಡ. ನೀರು ತಾನೇ ಒಡೆದು 10ರ ಘಾತ ಮೈನಸ್ 7ರಷ್ಟು ಹೈಡ್ರೋಜನ್ ಅಯಾನು ಕೊಡುತ್ತಿದೆ ಅಲ್ವಾ, ಆಮ್ಲ ಕೊಡೋದು ಅದರ ಹತ್ತರಲ್ಲಿ ಒಂದು. ಎರಡನ್ನೂ ಸೇರಿಸಿ, ನೀರಿನ ಒಡೆಯುವಿಕೆ ಸ್ವಲ್ಪ ಹಿಂದೆ ಸರಿಯೋದನ್ನೂ ಲೆಕ್ಕಕ್ಕೆ ತಗೊಂಡರೆ 6.98 ಬರುತ್ತದೆ. ಮತ್ತೆ, 7 ಅನ್ನೋದು 25 ಡಿಗ್ರಿಯ ಮಾತು. 60 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.5. ಹಾಗಂತ ಅದು ಆಮ್ಲ ಅಲ್ಲ, ಹೈಡ್ರಾಕ್ಸೈಡೂ ಅಷ್ಟೇ ಇರುತ್ತದೆ.

ಹೊಳಲ್ಕೆರೆ ಅಡಿಕೆ

ಎಲ್ಲ ಓದಿದೆ. ನನ್ನ ಕೆಲಸದ ಪ್ರಶ್ನೆ. ತೋಟದ ನೀರೂ ಇದೇ ತರಹ, ಪಿಎಚ್ 7.2, ಆಲ್ಕಲಿನಿಟಿ 380ರ ಆಸುಪಾಸು. ಡ್ರಿಪ್ ತೂತುಗಳಲ್ಲಿ ಬಿಳಿ ಕಟ್ಟಿ ನೀರು ಬರೋದು ನಿಂತಿದೆ. ಆಸಿಡ್ ಬಿಡಬೇಕು ಅಂತಾರೆ. ಅಂಗಡಿಯವರು ಪಿಎಚ್ ನೋಡಿ ಒಂದು ಅಳತೆ ಹೇಳಿದರು, ಪಕ್ಕದ ತೋಟದವರು ಇನ್ನೊಂದು. ಎಷ್ಟು ಹಾಕೋದು?

ನೀರಿನ ಲ್ಯಾಬ್

ಪಿಎಚ್ ಒಂದನ್ನೇ ನೋಡಿ ಹೇಳಲು ಆಗೋದೇ ಇಲ್ಲ. ಲೆಕ್ಕ ನೋಡಿ. ಸಾವಿರ ಲೀಟರ್ ನೀರನ್ನು ಪಿಎಚ್ 4.5ಕ್ಕೆ ಇಳಿಸಬೇಕು ಅಂತ ಇಟ್ಟುಕೊಳ್ಳಿ. ಬೈಕಾರ್ಬೊನೇಟ್ ಇಲ್ಲದ ಮಳೆ ನೀರಾದರೆ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್, ಅಂದರೆ ಸುಮಾರು 11 ನಾರ್ಮಲ್‌ದು (ಲೀಟರಿಗೆ 11 ಮೋಲ್ ಆಮ್ಲ ಇರೋದು), 3 ಮಿಲಿ ಸಾಕು. ನಿಮ್ಮ ನೀರಿಗೆ ಹತ್ತಿರ ಹತ್ತಿರ 700 ಮಿಲಿ ಬೇಕು. ಅಷ್ಟನ್ನೂ ಬೈಕಾರ್ಬೊನೇಟ್ ನುಂಗಿದ ಮೇಲೇ ಪಿಎಚ್ ಇಳಿಯೋದು. ಅರ್ಧ ಹಾಕಿದರೆ ಪಿಎಚ್ 6ರ ಮೇಲೇ ನಿಂತಿರುತ್ತದೆ.

ಆಸಿಡ್ಡಿನ ಬಲ ಅಂಗಡಿಯಿಂದ ಅಂಗಡಿಗೆ ಬೇರೆ. ಅದಕ್ಕೆ ಮೊದಲು ಒಂದು ಬಕೆಟ್ಟಿನಲ್ಲಿ ನೋಡಿ. 10 ಲೀಟರ್ ಬೋರ್ ನೀರಿಗೆ ಸಿರಿಂಜಿನಿಂದ ಒಂದೊಂದು ಮಿಲಿ ಬಿಡಿ, ಕೋಲಿನಿಂದ ಕಲಕಿ, ಪಿಎಚ್ ಪಟ್ಟಿ ಅದ್ದಿ. ಐದಾರು ಮಿಲಿ ತನಕ ನಿಧಾನ ಇಳಿಯುತ್ತದೆ, ಆಮೇಲೆ ಧಡಕ್ಕನೆ. ಆ ಜಾಗ ಸಿಕ್ಕರೆ ನೂರರಿಂದ ಗುಣಿಸಿ, ಸಾವಿರ ಲೀಟರಿನ ಅಳತೆ ಬರುತ್ತದೆ. ಗ್ಲೌಸು, ಕನ್ನಡಕ ಹಾಕಿಕೊಳ್ಳಿ. ನೀರಿಗೆ ಆಸಿಡ್ ಹಾಕಿ, ಆಸಿಡ್ಡಿಗೆ ನೀರು ಹಾಕಬೇಡಿ.

ಹೊಳಲ್ಕೆರೆ ಅಡಿಕೆ

ಬಕೆಟ್ ಪರೀಕ್ಷೆ ಮಾಡಿದೆ ಮೇಡಂ. ನೀವು ಹೇಳಿದ ಹಾಗೇ ಏಳು ಮಿಲಿ ಹತ್ತಿರ ಬಂದಾಗ ಪಟ್ಟಿಯ ಬಣ್ಣ ಒಮ್ಮೆಲೇ ಕೆಂಪಗಾಯಿತು. ಡ್ರಮ್ಮಿನಲ್ಲೂ ಸ್ವಲ್ಪ ಬೆರೆಸಿ ಇಟ್ಟಿದ್ದೆ, ಅರ್ಧಂಬರ್ಧ, ಪಿಎಚ್ 6.3 ಇತ್ತು. ಮುಚ್ಚಳ ಹಾಕಿರಲಿಲ್ಲ. ಮಾರನೇ ದಿನ ನೋಡಿದರೆ 7ರ ಮೇಲೆ. ಆಸಿಡ್ ಎಲ್ಲಿ ಹೋಯಿತು?

ಫಸ್ಟ್ ಪಿಯುಸಿ ಸೈನ್ಸ್

ನಾನು ಹೇಳಲಾ? ಹಾಕಿದ ಆಸಿಡ್ ಅರ್ಧ ಬೈಕಾರ್ಬೊನೇಟನ್ನು ಕಾರ್ಬನ್ ಡೈಆಕ್ಸೈಡ್ ಮಾಡಿದೆ. ಅದಕ್ಕೇ 6.3, ಇಬ್ಬರೂ ಸಮ ಸಮ. ರಾತ್ರಿ ಪೂರ್ತಿ ಆ ಅನಿಲ ಗಾಳಿಗೆ ಹೋಗಿದೆ. ಉಳಿದ ಅರ್ಧ ಬೈಕಾರ್ಬೊನೇಟ್ ಅಲ್ಲೇ ಇದೆ. ಅನುಪಾತ ಬದಲಾಯಿತು, ಪಿಎಚ್ ಏರಿತು.

ನೀರಿನ ಲ್ಯಾಬ್

ಪೂರ್ತಿ ಸರಿ. ಹೊಳಲ್ಕೆರೆ ಅಣ್ಣ, ಅದಕ್ಕೇ ಹಿಂದಿನ ದಿನ ಬೆರೆಸಿ ಇಡಬೇಡಿ. ಪಂಪ್ ಓಡುವಾಗ ವೆಂಚುರಿಯಿಂದ (ಹರಿಯುವ ನೀರಿನ ಸೆಳೆತಕ್ಕೆ ಆಸಿಡ್ ಎಳೆದುಕೊಳ್ಳುವ ಕೊಳವೆ) ನೇರ ಲೈನಿಗೆ ಬಿಡಿ, ಕೊನೆಯ ಡ್ರಿಪ್ಪರ್ ಹತ್ತಿರ ಪಟ್ಟಿ ಅದ್ದಿ 4.5 ಬಂದದ್ದು ನೋಡಿ ಪಂಪ್ ನಿಲ್ಲಿಸಿ. ಕೆಲವು ಗಂಟೆ ಪೈಪಿನಲ್ಲೇ ನಿಲ್ಲಲಿ. ಆಮೇಲೆ ಲ್ಯಾಟರಲ್‌ಗಳ, ಅಂದರೆ ಡ್ರಿಪ್ಪರ್ ಇರುವ ಸಣ್ಣ ಪೈಪುಗಳ, ತುದಿ ಬಿಚ್ಚಿ, ಬಿಳಿ ನೀರು ಹೋಗಿ ತಿಳಿ ಬರುವ ತನಕ ಹರಿಸಿ.